ಲ್ಯಾಪ್‌ಟಾಪಿನ ಆಯ್ಕೆ: ಬಲವೋ, ಹಗುರತನವೋ?

ಪೀಠಿಕೆ

ಉಪಕರಣವು ಕೆಲಸವನ್ನು ಅನುಸರಿಸಬೇಕೇ ಹೊರತು ಕೆಲಸವು ಉಪಕರಣವನ್ನು ಅನುಸರಿಸಬಾರದು. ಒಕ್ಕಲುತನದ ಮನೆಗಳಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೆಲವನ್ನು ಆಳವಾಗಿ ತಿರುವಿಹಾಕಲು ನೇಗಿಲು ಬೇಕು. ಸಾಲುಗಳ ನಡುವಣ ಕಳೆ ತೆಗೆಯಲು ಎಡೆಕುಂಟೆ ಸಾಕು. ಎಡೆಕುಂಟೆಯ ಕೆಲಸಕ್ಕೆ ನೇಗಿಲು ಹೂಡಿದರೆ ಎತ್ತಿಗೂ ದಣಿವು, ಪೈರಿಗೂ ಹಾನಿ. ನೇಗಿಲಿನ ಕೆಲಸವನ್ನು ಎಡೆಕುಂಟೆಗೆ ಒಪ್ಪಿಸಿದರೆ ಹೊಲ ಬೀಳಾಗಿಯೇ ಉಳಿಯುತ್ತದೆ. ಇಂದು ವಿದ್ಯಾರ್ಥಿಯ ಕೈಗೆ ಬರುತ್ತಿರುವ ಲ್ಯಾಪ್‌ಟಾಪ್ ಎಂಬ ಉಪಕರಣದ ವಿಷಯದಲ್ಲಿಯೂ ಇದೇ ವಿವೇಕ ಸಲ್ಲುತ್ತದೆ.

ಪದವಿಪೂರ್ವ ಶಿಕ್ಷಣವನ್ನು ಮುಗಿಸಿ ಇಂಜಿನಿಯರಿಂಗ್, ವಾಣಿಜ್ಯ, ವಿಜ್ಞಾನ ಅಥವಾ ಕಲಾ ವಿಭಾಗವನ್ನು ಸೇರುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸುವುದು ಎಷ್ಟೋ ಕುಟುಂಬಗಳಲ್ಲಿ ಒಮ್ಮೆ ಮಾತ್ರ ಸಾಧ್ಯವಾಗುವ ಖರ್ಚು. ಅದು ಕೆಲವೆಡೆ ಸುಗ್ಗಿಯ ಹಣ, ಕೆಲವೆಡೆ ಸಾಲದ ಹಣ. ಕೊಂಡ ಯಂತ್ರವು ಮೂರು ನಾಲ್ಕು ವರ್ಷಗಳ ವ್ಯಾಸಂಗವನ್ನು ದಾಟಿಸಬೇಕು. ಹೀಗಿರುವಾಗ ಅಂಗಡಿಗೆ ಹೋದ ಪಾಲಕರ ಮುಂದೆ ಸರಿಸುಮಾರು ಒಂದೇ ಬೆಲೆಗೆ ಎರಡು ಬಗೆಯ ಯಂತ್ರಗಳು ಬಂದು ನಿಲ್ಲುತ್ತವೆ. ಒಂದು ದಪ್ಪನೆಯದು, ಕೀಲಿಗಳ ಕೆಳಗೆ ಬಣ್ಣದ ದೀಪಗಳುಳ್ಳದ್ದು, ದೊಡ್ಡ ಫ್ಯಾನುಗಳಿಂದ ಕೂಡಿದ್ದು. ಇದಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಎಂದು ಹೆಸರು. ಇನ್ನೊಂದು ತೆಳುವಾದದ್ದು, ಕಪ್ಪು ಅಥವಾ ಬೂದು ಬಣ್ಣದ್ದು, ಸದ್ದುಗದ್ದಲವಿಲ್ಲದ್ದು. ಇದಕ್ಕೆ ಬಿಸಿನೆಸ್ ಲ್ಯಾಪ್‌ಟಾಪ್ ಎಂದು ಹೆಸರು. ಮಾರುವವನು ಮೊದಲನೆಯದರ ಅಂಕಿಗಳನ್ನು ಓದಿ ಹೇಳುತ್ತಾನೆ. ಎಲ್ಲ ಅಂಕಿಗಳೂ ದೊಡ್ಡವು. ಎರಡನೆಯದರ ಗುಣಗಳು ಅಂಕಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದುದರಿಂದ ಆಯ್ಕೆಯು ಒಂದು ಕಡೆಗೆ ವಾಲುವುದು ಸಹಜ. ಆ ವಾಲುವಿಕೆ ಸರಿಯೇ ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಎರಡು ಪರಂಪರೆಗಳು

ಹೊತ್ತೊಯ್ಯಬಲ್ಲ ಗಣಕಯಂತ್ರದ ಕಲ್ಪನೆಯು ವ್ಯಾಪಾರದಿಂದ ಹುಟ್ಟಿದುದಲ್ಲ, ಶಿಕ್ಷಣದಿಂದ ಹುಟ್ಟಿದುದು ಎಂಬುದು ಅಧ್ಯಾಪಕರಿಗೆ ಸಂತೋಷ ತರುವ ಸಂಗತಿ. ಅಮೆರಿಕದ ವಿಜ್ಞಾನಿ ಅಲನ್ ಕೇ 1972 ರಲ್ಲಿ ‘ಡೈನಾಬುಕ್’ ಎಂಬ ಹೆಸರಿನಿಂದ, ಮಕ್ಕಳು ಪುಸ್ತಕದಂತೆ ಕೈಯಲ್ಲಿ ಹಿಡಿದು ಕಲಿಯಬಹುದಾದ ಯಂತ್ರವೊಂದನ್ನು ಕಲ್ಪಿಸಿದರು. ಅದನ್ನು ನಿರ್ಮಿಸುವ ತಂತ್ರಜ್ಞಾನ ಆಗ ಇರಲಿಲ್ಲ. 1981 ರಲ್ಲಿ ಆಡಂ ಆಸ್ಬೋರ್ನ್ ಎಂಬವರು ಮಾರಾಟಕ್ಕೆ ತಂದ ‘ಆಸ್ಬೋರ್ನ್–1’ ಹೊತ್ತೊಯ್ಯಬಲ್ಲ ಯಂತ್ರವೆಂದು ಪ್ರಸಿದ್ಧವಾಯಿತು. ಈ ಆಸ್ಬೋರ್ನ್ ಬಾಲ್ಯವನ್ನು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಕಳೆದವರು. 2003 ರಲ್ಲಿ ತೀರಿಕೊಂಡುದೂ ಕೊಡೈಕೆನಾಲಿನಲ್ಲಿಯೇ. ಅವರ ಯಂತ್ರದ ತೂಕ ಸುಮಾರು 11 ಕಿಲೋ; ಪರದೆ 5 ಅಂಗುಲ; ಬ್ಯಾಟರಿ ಇರಲಿಲ್ಲ. ಮರುವರ್ಷ, ಅಂದರೆ 1982 ರಲ್ಲಿ, ಬಿಲ್ ಮಾಗ್ರಿಜ್ ರೂಪಿಸಿದ ‘ಗ್ರಿಡ್ ಕಂಪಾಸ್’ ಬಂದಿತು. ಪುಸ್ತಕದಂತೆ ಮಡಿಚುವ ಇಂದಿನ ಆಕಾರವನ್ನು ಜಗತ್ತಿಗೆ ಪರಿಚಯಿಸಿದ ಯಂತ್ರಗಳಲ್ಲಿ ಅದು ಮುಖ್ಯವಾದುದು. ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿಯೂ ಅದನ್ನು ಬಳಸಿದರು.

ಕಚೇರಿಯ ಕೆಲಸಗಾರರಿಗಾಗಿ ಐ.ಬಿ.ಎಂ. ಸಂಸ್ಥೆ 1992 ರಲ್ಲಿ ‘ಥಿಂಕ್‌ಪ್ಯಾಡ್’ ಮಾಲಿಕೆಯನ್ನು ಹೊರತಂದಿತು. 2005 ರಲ್ಲಿ ಅದು ಲೆನೊವೊ ಸಂಸ್ಥೆಯ ವಶವಾಯಿತು. ಡೆಲ್ ಸಂಸ್ಥೆಯ ‘ಲ್ಯಾಟಿಟ್ಯೂಡ್’, ಎಚ್.ಪಿ. ಸಂಸ್ಥೆಯ ‘ಎಲೀಟ್‌ಬುಕ್’ ಇದೇ ವರ್ಗಕ್ಕೆ ಸೇರಿದವು. ಡೆಲ್ ಸಂಸ್ಥೆಯು 2025 ರಲ್ಲಿ ಲ್ಯಾಟಿಟ್ಯೂಡ್ ಎಂಬ ಹೆಸರನ್ನು ಕೈಬಿಟ್ಟು ‘ಡೆಲ್ ಪ್ರೊ’ ಎಂಬ ಹೆಸರನ್ನು ತಂದಿತು. ಈ ಪರಂಪರೆಯ ಗುರಿ ಮೂರು: ದಿನವಿಡೀ ನಡೆಯುವ ಬ್ಯಾಟರಿ, ಬಾಳಿಕೆ, ಕೆಟ್ಟರೆ ಬೇಗ ದುರಸ್ತಿ.

ಗೇಮಿಂಗ್ ಲ್ಯಾಪ್‌ಟಾಪಿನ ಪರಂಪರೆ ಬೇರೆ. ಪರದೆಯ ಮೇಲೆ ಮೂರು ಆಯಾಮದ ದೃಶ್ಯವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆಯಬೇಕಾದರೆ ಒಂದೇ ಬಗೆಯ ಸಣ್ಣ ಲೆಕ್ಕವನ್ನು ಏಕಕಾಲಕ್ಕೆ ಸಹಸ್ರಾರು ಬಿಂದುಗಳಿಗೆ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಗ್ರಾಫಿಕ್ಸ್ ಕಾರ್ಡ್ ಎಂಬ ಪ್ರತ್ಯೇಕ ಗಣನಾಂಗ ಹುಟ್ಟಿತು. ಎನ್‌ವಿಡಿಯಾ ಸಂಸ್ಥೆಯ ‘ಜಿಫೋರ್ಸ್ 256’ ಬಂದುದು 1999 ರಲ್ಲಿ. 2006 ರಲ್ಲಿ ಡೆಲ್ ಸಂಸ್ಥೆ ಆಟದ ಯಂತ್ರಗಳಿಗೆ ಹೆಸರಾದ ‘ಏಲಿಯನ್‌ವೇರ್’ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಏಸಸ್ ಸಂಸ್ಥೆ ಆಟಗಾರರಿಗಾಗಿಯೇ ‘ಆರ್.ಓ.ಜಿ.’ ಎಂಬ ಹೆಸರನ್ನು ಆರಂಭಿಸಿತು.

ಆಟಕ್ಕೆಂದು ಹುಟ್ಟಿದ ಈ ಅಂಗವು ಆಟದಲ್ಲಿಯೇ ಉಳಿಯಲಿಲ್ಲ. 2007 ರಲ್ಲಿ ಎನ್‌ವಿಡಿಯಾ ಹೊರತಂದ ‘ಕೂಡಾ’ ಎಂಬ ತಂತ್ರಾಂಶದಿಂದ ವಿಜ್ಞಾನಿಗಳೂ ಗ್ರಾಫಿಕ್ಸ್ ಕಾರ್ಡಿನಿಂದ ತಮ್ಮ ಲೆಕ್ಕಗಳನ್ನು ಮಾಡಿಸಿಕೊಳ್ಳುವಂತಾಯಿತು. 2012 ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಗಳನ್ನು ಗುರುತಿಸುವ ‘ಅಲೆಕ್ಸ್‌ನೆಟ್’ ಎಂಬ ವ್ಯವಸ್ಥೆಯನ್ನು ತರಬೇತುಗೊಳಿಸಿದುದು ಅಂಗಡಿಯಲ್ಲಿ ಸಿಗುವ ಎರಡು ಆಟದ ಕಾರ್ಡುಗಳ ಮೇಲೆಯೇ. ಇಂದಿನ ಕೃತಕ ಬುದ್ಧಿಮತ್ತೆಯ ಬೆಳವಣಿಗೆಗೆ ಅದೊಂದು ಮೈಲಿಗಲ್ಲು. ಆದುದರಿಂದ ‘ಆಟದ ಯಂತ್ರ’ ಎಂಬ ಹೆಸರನ್ನು ಕೇಳಿದೊಡನೆಯೇ ಪಾಲಕರಾಗಲಿ ಅಧ್ಯಾಪಕರಾಗಲಿ ಅದನ್ನು ತಿರಸ್ಕರಿಸುವುದು ಸರಿಯಲ್ಲ. ಬಲವಾದುದೆಂಬ ಕಾರಣಕ್ಕೆ ಅದನ್ನು ಕಣ್ಣುಮುಚ್ಚಿ ಕೊಳ್ಳುವುದೂ ಸರಿಯಲ್ಲ.

ಬಲದ ಬೆಲೆ: ವಿದ್ಯುತ್ತು ಮತ್ತು ಶಾಖ

ಎರಡು ಯಂತ್ರಗಳ ನಡುವಣ ಎಲ್ಲ ವ್ಯತ್ಯಾಸಗಳಿಗೂ ಮೂಲ ಒಂದೇ. ಗಣಕಯಂತ್ರದ ಒಳಗೆ ಹೋದ ವಿದ್ಯುತ್ತು ಬಹುಮಟ್ಟಿಗೆ ಎಲ್ಲವೂ ಕೊನೆಗೆ ಶಾಖವಾಗಿ ಹೊರಬರಬೇಕು. ಹೆಚ್ಚು ಲೆಕ್ಕ ಮಾಡಿಸಬೇಕಾದರೆ ಹೆಚ್ಚು ವಿದ್ಯುತ್ತು ಬೇಕು. ಹೆಚ್ಚು ವಿದ್ಯುತ್ತು ಹೋದರೆ ಹೆಚ್ಚು ಶಾಖ ಹುಟ್ಟುತ್ತದೆ. ಆ ಶಾಖವನ್ನು ಹೊರಹಾಕಲು ತಾಮ್ರದ ಕೊಳವೆ, ದೊಡ್ಡ ಫ್ಯಾನು, ಗಾಳಿಯಾಡುವ ದಪ್ಪನೆಯ ಮೈ ಬೇಕು. ಇವೆಲ್ಲವೂ ತೂಕವೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಬಲವು ಒಂದು ಕಡೆಗೂ ಹಗುರತನವು ಇನ್ನೊಂದು ಕಡೆಗೂ ಯಂತ್ರವನ್ನು ಎಳೆಯುತ್ತಿರುತ್ತವೆ. ಎರಡನ್ನೂ ಪೂರ್ಣವಾಗಿ ಕೊಡುವ ಯಂತ್ರ ಇನ್ನೂ ಬಂದಿಲ್ಲ.

ಪೆಟ್ಟಿಗೆಯ ಮೇಲಿನ ಹೆಸರು ಈ ಸತ್ಯವನ್ನು ಮರೆಸುತ್ತದೆ. ಇಂಟೆಲ್ ಸಂಸ್ಥೆಯ 2023 ರ ಎರಡು ಪ್ರೊಸೆಸರುಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು: ‘ಐ7–1355ಯು’ ಮತ್ತು ‘ಐ7–13700ಎಚ್’. ಎರಡಕ್ಕೂ ಜನ ‘ಐ7’ ಎಂದೇ ಕರೆಯುತ್ತಾರೆ. ಆದರೆ ಮೊದಲನೆಯದರ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಎರಡನೆಯದರದು 45 ವ್ಯಾಟ್. ಮೊದಲನೆಯದರಲ್ಲಿ 10 ಗಣನಾಕೇಂದ್ರಗಳು, ಎರಡನೆಯದರಲ್ಲಿ 14. ಕೊನೆಯ ಅಕ್ಷರವಾದ ‘ಯು’ ತೆಳು ಯಂತ್ರದ ಗುರುತು. ‘ಎಚ್’ ಬಲಿಷ್ಠ ಯಂತ್ರದ ಗುರುತು. 2023 ರ ಡಿಸೆಂಬರಿನಿಂದ ‘ಕೋರ್ ಅಲ್ಟ್ರಾ’ ಎಂಬ ಹೊಸ ಹೆಸರುಗಳು ಬಂದಿವೆಯಾದರೂ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ: ಇದು ಎಷ್ಟು ವ್ಯಾಟಿನದು?

ಗ್ರಾಫಿಕ್ಸ್ ಕಾರ್ಡಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಲ್ಯಾಪ್‌ಟಾಪುಗಳಿಗಾಗಿ 2023 ರಲ್ಲಿ ಬಂದ ‘ಆರ್.ಟಿ.ಎಕ್ಸ್. 4060’ ಕಾರ್ಡನ್ನು ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ತಮಗೆ ಬೇಕಾದ ಮಟ್ಟದಲ್ಲಿ ಅಳವಡಿಸಬಹುದು. ತೆಳುವಾದ ಮೈಯೊಳಗೆ ಕಡಿಮೆ ವ್ಯಾಟಿನಲ್ಲಿ ಕೂತ ಕಾರ್ಡು, ದಪ್ಪನೆಯ ಯಂತ್ರದಲ್ಲಿರುವ ಅದೇ ಹೆಸರಿನ ಕಾರ್ಡಿನಷ್ಟು ದುಡಿಯಲಾರದು. ಹೆಸರಿಗೆ ಹಣ ಕೊಟ್ಟು, ಕೆಲಸದಲ್ಲಿ ಅರ್ಧ ಪಡೆದು ಬರುವ ಪ್ರಸಂಗ ಇಲ್ಲಿಂದಲೇ ಹುಟ್ಟುತ್ತದೆ.

ಇನ್ನು ನಮ್ಮ ನಾಡಿನ ಹವೆಯನ್ನು ಮರೆಯುವಂತಿಲ್ಲ. ಹಲವು ತಯಾರಕರ ಕೈಪಿಡಿಗಳಲ್ಲಿ ಲ್ಯಾಪ್‌ಟಾಪ್ ಬಳಸಲು ಸೂಚಿಸಿರುವ ಗರಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಎಲ್ಲರಿಗೂ ತಿಳಿದ ವಿಷಯ. ಅಂಥ ಹೊತ್ತಿನಲ್ಲಿ ಯಂತ್ರವು ತನ್ನನ್ನು ರಕ್ಷಿಸಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮೇಲಾಗಿ ದೊಡ್ಡ ಫ್ಯಾನು ಗಾಳಿಯ ಜೊತೆಗೆ ಧೂಳನ್ನೂ ಒಳಗೆಳೆಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿಕಿಂಡಿ ಮುಚ್ಚಿ ಶಾಖ ಒಳಗೇ ನಿಲ್ಲುತ್ತದೆ. ಅದಕ್ಕೆ ಗಟ್ಟಿಯಾದ ಮೇಜು ಬೇಕು. ಧೂಳಿನ ಊರಿನಲ್ಲಿ ವರ್ಷಕ್ಕೊಮ್ಮೆಯಾದರೂ ಒಳಭಾಗದ ಶುದ್ಧಿ ಬೇಕು.

ಬ್ಯಾಟರಿಯ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಅದನ್ನು ಯಂತ್ರ ಬಳಸುವ ವ್ಯಾಟಿನಿಂದ ಭಾಗಿಸಿದರೆ ಎಷ್ಟು ಗಂಟೆ ನಡೆಯುವುದೆಂದು ತಿಳಿಯುತ್ತದೆ. ಇದು ಮಾಧ್ಯಮಿಕ ಶಾಲೆಯ ಗಣಿತವಷ್ಟೆ.

ಬಿಸಿನೆಸ್ ಲ್ಯಾಪ್‌ಟಾಪಿನಲ್ಲಿ 56 ವ್ಯಾಟ್-ಗಂಟೆಯ ಬ್ಯಾಟರಿ ಇದ್ದು, ಓದು ಬರಹದ ಕೆಲಸದಲ್ಲಿ ಅದು ಸರಾಸರಿ 7 ವ್ಯಾಟ್ ಬಳಸುವುದೆಂದು ಭಾವಿಸಿದರೆ 8 ಗಂಟೆ ನಡೆಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ 90 ವ್ಯಾಟ್-ಗಂಟೆಯ ದೊಡ್ಡ ಬ್ಯಾಟರಿಯೇ ಇದ್ದರೂ ಅದೇ ಓದು ಬರಹಕ್ಕೆ 18 ವ್ಯಾಟ್ ಬಳಸಿದರೆ 5 ಗಂಟೆಗೆ ಮುಗಿಯುತ್ತದೆ. 3 ಆಯಾಮದ ಭಾರವಾದ ಕೆಲಸವನ್ನು ಹಚ್ಚಿ 100 ವ್ಯಾಟ್ ಎಳೆದರೆ ಒಂದು ಗಂಟೆಯೂ ಉಳಿಯುವುದಿಲ್ಲ. ಬ್ಯಾಟರಿಯನ್ನೇ ಇನ್ನೂ ದೊಡ್ಡದು ಮಾಡಬಾರದೇಕೆ ಎಂದರೆ, ವಿಮಾನಯಾನದ ನಿಯಮಗಳ ಪ್ರಕಾರ 100 ವ್ಯಾಟ್-ಗಂಟೆಗೆ ಮೀರಿದ ಬ್ಯಾಟರಿಯನ್ನು ಒಯ್ಯಲು ವಿಮಾನ ಸಂಸ್ಥೆಯ ಪೂರ್ವಾನುಮತಿ ಬೇಕು. ಆದಕಾರಣ ತಯಾರಕರು 99 ರ ಆಸುಪಾಸಿನಲ್ಲಿಯೇ ನಿಲ್ಲುತ್ತಾರೆ.

ಇನ್ನೊಂದು ಅಂಶವನ್ನು ಕೊಳ್ಳುವವರು ಸಾಮಾನ್ಯವಾಗಿ ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪಿನ ಪೂರ್ಣ ಬಲವು ಗೋಡೆಯ ವಿದ್ಯುತ್ತಿಗೆ ಜೋಡಿಸಿದಾಗ ಮಾತ್ರ ದೊರೆಯುತ್ತದೆ. ಬ್ಯಾಟರಿಯಿಂದ ಅಷ್ಟು ವಿದ್ಯುತ್ತನ್ನು ಒಮ್ಮೆಗೇ ಎಳೆಯಲಾಗದಾದ್ದರಿಂದ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಯಂತ್ರವೇ ಇಳಿಸುತ್ತದೆ. ಅಂದರೆ ಯಾವ ಬಲಕ್ಕಾಗಿ ಹಣ ತೆತ್ತರೋ ಆ ಬಲವು ಬಸ್ಸಿನಲ್ಲಿ, ತರಗತಿಯಲ್ಲಿ, ಗ್ರಂಥಾಲಯದಲ್ಲಿ, ವಿದ್ಯುತ್ತು ಹೋದ ವಸತಿನಿಲಯದಲ್ಲಿ ದೊರೆಯುವುದಿಲ್ಲ.

ತೂಕದ ಮಾತೂ ಹೀಗೆಯೇ. 1.3 ಕಿಲೋ ತೂಗುವ ಯಂತ್ರಕ್ಕೆ 65 ವ್ಯಾಟಿನ ಚಾರ್ಜರ್ ಸೇರಿ ಸುಮಾರು 1.6 ಕಿಲೋ ಆದೀತು. 2.4 ಕಿಲೋ ತೂಗುವ ಗೇಮಿಂಗ್ ಯಂತ್ರಕ್ಕೆ ಇಟ್ಟಿಗೆಯಂಥ ಅಡಾಪ್ಟರ್ ಸೇರಿದರೆ 3 ಕಿಲೋ ದಾಟುತ್ತದೆ. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡುವಾಗ ಈ ವ್ಯತ್ಯಾಸ ದೊಡ್ಡದೆನಿಸದು. ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿಗಳ ಜೊತೆಗೆ ಹೆಗಲಿಗೆ ಹಾಕಿ ದಿನವೂ ಬಸ್ಸು ಹತ್ತಿ ಇಳಿಯುವ ವಿದ್ಯಾರ್ಥಿಗೆ ಅದು ದೊಡ್ಡದು. ಭಾರವೆಂದು ಯಂತ್ರವನ್ನು ಕೋಣೆಯಲ್ಲಿಯೇ ಬಿಟ್ಟುಹೋಗುವ ರೂಢಿ ಬೆಳೆದರೆ, ಅದು ಲ್ಯಾಪ್‌ಟಾಪಾಗಿ ಉಳಿಯದೆ ದುಬಾರಿಯಾದ ಮೇಜಿನ ಯಂತ್ರವಾಗುತ್ತದೆ.

ಯಾವ ಕೆಲಸಕ್ಕೆ ಯಾವುದು?

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಖಚಿತವಾಗಿ ತಿಳಿದರೆ ಅರ್ಧ ಸಮಸ್ಯೆ ಪರಿಹಾರವಾದಂತೆ.

ಪ್ರಬಂಧ ರಚನೆ, ಲೆಕ್ಕಪತ್ರ, ಟ್ಯಾಲಿ, ಎಕ್ಸೆಲ್, ಅಂತರಜಾಲದ ಪಾಠ, ವೀಡಿಯೊ ವೀಕ್ಷಣೆ ಇವುಗಳಿಗೆ ಪ್ರೊಸೆಸರಿನೊಳಗೇ ಇರುವ ಸಾಧಾರಣ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ವಾಣಿಜ್ಯ, ಕಲೆ, ಕಾನೂನು, ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವುದು ಬಹುತೇಕ ಅಪವ್ಯಯವೇ.

ಕಂಪ್ಯೂಟರ್ ಸೈನ್ಸ್ ಓದುವವರಿಗೆಲ್ಲ ಗೇಮಿಂಗ್ ಯಂತ್ರವೇ ಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಪೂರ್ಣ ಸತ್ಯವಲ್ಲ. ಸಿ, ಜಾವಾ, ಪೈಥಾನ್ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯಲು, ದತ್ತಾಂಶಗಳ ಪಾಠಕ್ಕೆ, ಜಾಲತಾಣ ನಿರ್ಮಾಣಕ್ಕೆ ಬೇಕಾದುದು ಸಾಕಷ್ಟು ರ‍್ಯಾಮ್, ಅಂದರೆ ತಾತ್ಕಾಲಿಕ ಸ್ಮರಣಕೋಶ, ಮತ್ತು ವೇಗವಾದ ಎಸ್.ಎಸ್.ಡಿ. ಸಂಗ್ರಹ. 16 ಜಿ.ಬಿ. ರ‍್ಯಾಮ್ ಇರುವ ಹಗುರ ಯಂತ್ರವು 8 ಜಿ.ಬಿ. ಇರುವ ಗೇಮಿಂಗ್ ಯಂತ್ರಕ್ಕಿಂತ ಈ ಕೆಲಸಕ್ಕೆ ಮೇಲು. ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತಾವೇ ತರಬೇತುಗೊಳಿಸುವವರಿಗೆ ಕೂಡಾ ನಡೆಸಬಲ್ಲ ಎನ್‌ವಿಡಿಯಾ ಕಾರ್ಡು ನಿಜಕ್ಕೂ ಉಪಯುಕ್ತ. ಆದರೆ ಕಲಿಕೆಯ ಹಂತದ ಅಭ್ಯಾಸಗಳಿಗೆ ಗೂಗಲ್ ಸಂಸ್ಥೆಯ ‘ಕೋಲ್ಯಾಬ್’ನಂಥ ಸೇವೆಗಳಲ್ಲಿ ದೂರದ ಯಂತ್ರದ ಗ್ರಾಫಿಕ್ಸ್ ಕಾರ್ಡನ್ನು ಮಿತಿಗೊಳಪಟ್ಟು ಉಚಿತವಾಗಿಯೇ ಬಳಸಬಹುದು. ಇದಕ್ಕೆ ಬೇಕಾದುದು ಒಳ್ಳೆಯ ಅಂತರಜಾಲ ಸಂಪರ್ಕ.

ಸಿವಿಲ್ ಇಂಜಿನಿಯರಿಂಗಿನಲ್ಲಿ ಆಟೋಕ್ಯಾಡಿನ ಎರಡು ಆಯಾಮದ ನಕ್ಷೆಗಳು ಸಾಧಾರಣ ಗ್ರಾಫಿಕ್ಸಿನಲ್ಲಿಯೇ ನಡೆಯುತ್ತವೆ. ಕಟ್ಟಡದ ಬಲವನ್ನು ಲೆಕ್ಕ ಹಾಕುವ ಸ್ಟ್ಯಾಡ್, ಈಟ್ಯಾಬ್ಸ್ ತಂತ್ರಾಂಶಗಳು ಮುಖ್ಯವಾಗಿ ಪ್ರೊಸೆಸರನ್ನೂ ರ‍್ಯಾಮನ್ನೂ ಅವಲಂಬಿಸುತ್ತವೆ. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಳಕೆಯಲ್ಲಿರುವ ವಿವಾಡೊ ತಂತ್ರಾಂಶದ ಭಾರವೂ ಇವೆರಡರ ಮೇಲೆಯೇ ಬೀಳುತ್ತದೆ. ಯಂತ್ರಭಾಗಗಳ ದೊಡ್ಡ ಜೋಡಣೆಯನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡುವ ಮೆಕ್ಯಾನಿಕಲ್ ವಿದ್ಯಾರ್ಥಿಗೆ, ಬ್ಲೆಂಡರಿನಲ್ಲಿ ದೃಶ್ಯಗಳನ್ನು ರೂಪಿಸುವವನಿಗೆ, ವಾಸ್ತುಶಿಲ್ಪದ ವಿದ್ಯಾರ್ಥಿನಿಗೆ, ಉದ್ದನೆಯ ವೀಡಿಯೊಗಳನ್ನು ಸಂಕಲಿಸುವವರಿಗೆ ಪ್ರತ್ಯೇಕ ಕಾರ್ಡು ಬೇಕೇ ಬೇಕು. ಇವರಿಗೆ ತೆಳು ಯಂತ್ರವನ್ನು ಕೊಡಿಸಿ ಹಣ ಉಳಿಸಿದೆವೆಂದು ತಿಳಿದರೆ, ಪ್ರತಿ ಅಭ್ಯಾಸದಲ್ಲಿಯೂ ವಿದ್ಯಾರ್ಥಿಯು ಗಂಟೆಗಟ್ಟಲೆ ಕಾಯುವಂತಾಗುತ್ತದೆ. ಅದೂ ನಷ್ಟವೇ. ಇಲ್ಲಿ ಆಟದ ಯಂತ್ರವೇ ವಿದ್ಯೆಯ ಯಂತ್ರ.

ಆಪಲ್ ಸಂಸ್ಥೆಯ ಯಂತ್ರಗಳ ಮಾತು ಇಲ್ಲಿ ಬರುತ್ತದೆ. 2020 ರ ನವೆಂಬರಿನಲ್ಲಿ ಬಂದ ‘ಎಂ–1’ ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ಫ್ಯಾನೇ ಇಲ್ಲದೆ ವೇಗವಾಗಿ, ಬಹುಕಾಲ ಬ್ಯಾಟರಿಯ ಮೇಲೆ ನಡೆದು ಎಲ್ಲರನ್ನೂ ಅಚ್ಚರಿಗೊಳಿಸಿತು. ಆದರೆ ಸಾಲಿಡ್‌ವರ್ಕ್ಸ್‌ನಂಥ ಕೆಲವು ತಂತ್ರಾಂಶಗಳು ವಿಂಡೋಸಿಗಾಗಿಯೇ ರಚಿತವಾದವು. ಕೂಡಾ ಎನ್‌ವಿಡಿಯಾ ಕಾರ್ಡಿನ ಮೇಲೆ ಮಾತ್ರ ನಡೆಯುತ್ತದೆ. ಆದುದರಿಂದ ಕಾಲೇಜಿನ ಪಠ್ಯಕ್ರಮದಲ್ಲಿ ಯಾವ ತಂತ್ರಾಂಶಗಳಿವೆಯೆಂದು ಕೇಳದೆ ಯಾವ ಯಂತ್ರವನ್ನೂ ಕೊಳ್ಳಬಾರದು.

ಅಂಕಿಗಳಲ್ಲಿ ಕಾಣದ ಗುಣಗಳು

ಪರದೆಯ ವಿಷಯ ಕನ್ನಡಿಗರಿಗೆ ವಿಶೇಷವಾದುದು. ಕನ್ನಡದ ಅಕ್ಷರಗಳಲ್ಲಿ ಕೊಂಬು, ಗುಡಿಸು, ಒತ್ತಕ್ಷರಗಳು ಸಾಲಿನ ಮೇಲೂ ಕೆಳಗೂ ಹರಡಿಕೊಳ್ಳುತ್ತವೆ. ಬಿಂದುಗಳು ಕಡಿಮೆಯಿರುವ ಹಳೆಯ 1366 × 768 ರ ಪರದೆಯಲ್ಲಿ ಸಣ್ಣ ಒತ್ತಕ್ಷರಗಳು ಕಲಸಿಹೋಗಿ ಕಣ್ಣಿಗೆ ಆಯಾಸವಾಗುತ್ತದೆ. 1920 × 1080 ಅಥವಾ 1920 × 1200 ಇರುವ ಪರದೆಯನ್ನೇ ಆರಿಸುವುದು ಲೇಸು. ಗೇಮಿಂಗ್ ಪರದೆ ಸೆಕೆಂಡಿಗೆ 144 ಸಲ ಚಿತ್ರವನ್ನು ಬದಲಿಸುವುದೆಂದು ಹೇಳುತ್ತಾರೆ. ಓಡುವ ಚಿತ್ರಕ್ಕೆ ಅದು ಗುಣ. ನಿಂತ ಅಕ್ಷರಕ್ಕೆ ಅದರಿಂದ ಲಾಭ ಅಲ್ಪ. ಓದುವವರಿಗೆ ಬೇಕಾದುದು ಪ್ರಕಾಶ. 300 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಪ್ರಕಾಶವಿದ್ದು, ಬೆಳಕನ್ನು ಪ್ರತಿಫಲಿಸದ ಪರದೆಯಿದ್ದರೆ ಕಿಟಕಿಯ ಬಳಿಯಲ್ಲಿಯೂ ಓದಬಹುದು.

ಬಿಸಿನೆಸ್ ಯಂತ್ರಗಳ ಇನ್ನೊಂದು ಗುಣ ಬಾಳಿಕೆ. ಅನೇಕ ಯಂತ್ರಗಳ ವಿವರಣೆಯಲ್ಲಿ ‘ಮಿಲ್-ಎಸ್.ಟಿ.ಡಿ.–810’ ಎಂಬ ಹೆಸರು ಕಾಣುತ್ತದೆ. ಇದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕ್ರಮ. ಅದರ ‘ಎಚ್’ ಆವೃತ್ತಿ 2019 ರದು. ಕುಲುಕಾಟ, ಧೂಳು, ತೇವ, ಶಾಖಗಳನ್ನು ಯಂತ್ರ ತಡೆಯುವುದೇ ಎಂದು ಪರೀಕ್ಷಿಸುವ ಬಗೆಗಳನ್ನು ಅದು ಹೇಳುತ್ತದೆ. ಆದರೆ ಯಾವ ಪರೀಕ್ಷೆಗಳನ್ನು ಮಾಡಬೇಕೆಂಬುದನ್ನು ತಯಾರಕರೇ ಆರಿಸಿಕೊಳ್ಳುವುದರಿಂದ ಆ ಹೆಸರೊಂದನ್ನೇ ನಂಬಿ ಯಂತ್ರವನ್ನು ಕೈಬಿಟ್ಟು ಬೀಳಿಸಬಾರದು.

ದುರಸ್ತಿಯಲ್ಲಿ ಎರಡೂ ಕಡೆ ಗುಣದೋಷಗಳಿವೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್ ಸೇರಿಸಲು ಎರಡು ಸ್ಥಾನಗಳಿರುತ್ತವೆ. ಎರಡು ವರ್ಷದ ಬಳಿಕ ಹೆಚ್ಚಿಸಿಕೊಳ್ಳಬಹುದು. ಬಹಳ ತೆಳುವಾದ ಯಂತ್ರಗಳಲ್ಲಿ ರ‍್ಯಾಮನ್ನು ಮೂಲಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಇದ್ದಷ್ಟೇ ಕೊನೆಯವರೆಗೂ. ಬಿಸಿನೆಸ್ ಮಾಲಿಕೆಗಳಿಗೆ ದುರಸ್ತಿ ಕೈಪಿಡಿಗಳೂ ಬಿಡಿಭಾಗಗಳೂ ಹೆಚ್ಚು ಕಾಲ ದೊರೆಯುತ್ತವೆ. ತಂತ್ರಜ್ಞರೇ ಮನೆಗೆ ಬಂದು ಸರಿಪಡಿಸುವ ಖಾತರಿಯನ್ನೂ ಪಡೆಯಬಹುದು. ಸೇವಾ ಕೇಂದ್ರ ನೂರು ಕಿಲೋಮೀಟರ್ ದೂರವಿರುವ ತಾಲ್ಲೂಕಿನ ವಿದ್ಯಾರ್ಥಿಗೆ ಈ ಖಾತರಿಯ ಬೆಲೆ ಗ್ರಾಫಿಕ್ಸ್ ಕಾರ್ಡಿನ ಬೆಲೆಗಿಂತ ಕಡಿಮೆಯದಲ್ಲ.

ಬಳಸಿದ ಯಂತ್ರಗಳ ಸಂತೆ

ಹಣದ ಮುಗ್ಗಟ್ಟಿರುವವರಿಗೆ ಮತ್ತೊಂದು ದಾರಿ ಉಂಟು. ದೊಡ್ಡ ಸಂಸ್ಥೆಗಳು ಮೂರು ನಾಲ್ಕು ವರ್ಷ ಬಳಸಿ ಹೊರಹಾಕಿದ ಬಿಸಿನೆಸ್ ಲ್ಯಾಪ್‌ಟಾಪುಗಳನ್ನು ಶುದ್ಧಗೊಳಿಸಿ ಮಾರುವ ಅಂಗಡಿಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿಯೂ ಇತರ ನಗರಗಳಲ್ಲಿಯೂ ಇವೆ. ಜನರ ಬಾಯಲ್ಲಿ ಆ ಬೀದಿ ಎಸ್.ಪಿ. ರಸ್ತೆ. ಮೊದಲೇ ಗಟ್ಟಿಯಾಗಿ ಕಟ್ಟಿದ ಯಂತ್ರಗಳಾದ್ದರಿಂದ ಇನ್ನೂ ಹಲವು ವರ್ಷ ಬಾಳಬಲ್ಲವು. ಬಹುಕಾಲ ಶಾಖದಲ್ಲಿ ಬೆಂದ ಹಳೆಯ ಗೇಮಿಂಗ್ ಯಂತ್ರಕ್ಕೆ ಈ ಮಾತು ಅಷ್ಟಾಗಿ ಸಲ್ಲದು.

ಇಲ್ಲಿ ಒಂದು ಎಚ್ಚರ ಅಗತ್ಯ. ವಿಂಡೋಸ್–10 ರ ಸಾಮಾನ್ಯ ಬೆಂಬಲವು 2025 ರ ಅಕ್ಟೋಬರ್ 14 ರಂದು ಕೊನೆಗೊಂಡಿತು. ವಿಂಡೋಸ್–11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 8 ನೇ ತಲೆಮಾರಿನದು ಅಥವಾ ಅದಕ್ಕೂ ಹೊಸದು ಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ ಬೇಕು. 6 ನೇ, 7 ನೇ ತಲೆಮಾರಿನ ಯಂತ್ರಗಳು ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೇ ಕಾರಣ. ಲಿನಕ್ಸ್ ಬಳಸಬಲ್ಲವರಿಗೆ ಅವು ಉಪಯುಕ್ತ. ಉಳಿದವರಿಗೆ ಅಗ್ಗದ ಮಾಲು ದುಬಾರಿಯಾದೀತು. ಬ್ಯಾಟರಿಯಲ್ಲಿ ಎಷ್ಟು ಸಾಮರ್ಥ್ಯ ಉಳಿದಿದೆಯೆಂಬುದನ್ನೂ ಅಂಗಡಿಯಲ್ಲಿಯೇ ತೆರೆದು ತೋರಿಸಲು ಕೇಳಬೇಕು.

ಶಾಲೆ ಮತ್ತು ದಾನಿಗಳ ಆಯ್ಕೆ

ಒಬ್ಬ ವಿದ್ಯಾರ್ಥಿಯ ಆಯ್ಕೆ ಒಂದು. ಒಂದು ಸಂಸ್ಥೆಯ ಆಯ್ಕೆ ಇನ್ನೊಂದು. ದಾನಿಗಳು ಔದಾರ್ಯದಿಂದ ಕೊಡುವ ಹಣದಲ್ಲಿ ಎಲ್ಲಕ್ಕಿಂತ ಬಲವಾದ ಯಂತ್ರವನ್ನೇ ಕೊಡಿಸಬೇಕೆಂಬ ಆಸೆ ಸಹಜ. ಆದರೆ ಪ್ರಯೋಗಾಲಯದಲ್ಲಿ ಕದಲದೆ ಇರಬೇಕಾದ ಯಂತ್ರಕ್ಕೆ ಹಗುರತನವೂ ಬೇಡ, ಬ್ಯಾಟರಿಯೂ ಬೇಡ. ಅಲ್ಲಿ ಮೇಜಿನ ಗಣಕಯಂತ್ರವೇ ಯೋಗ್ಯ. ಅದರ ಮೈ ದೊಡ್ಡದಾದ್ದರಿಂದ ಶಾಖ ಸುಲಭವಾಗಿ ಹೊರಹೋಗುತ್ತದೆ. ಅದೇ ಹೆಸರಿನ ಗ್ರಾಫಿಕ್ಸ್ ಕಾರ್ಡು ಅಲ್ಲಿ ಹೆಚ್ಚು ದುಡಿಯುತ್ತದೆ. ಕೆಟ್ಟ ಭಾಗವನ್ನಷ್ಟೇ ತೆಗೆದು ಬದಲಿಸಬಹುದು. ಗ್ರಾಫಿಕ್ಸ್ ಬೇಡುವ ಪಾಠಗಳಿಗಾಗಿ ಒಂದೆರಡು ಬಲಿಷ್ಠ ಮೇಜಿನ ಯಂತ್ರಗಳನ್ನಿಟ್ಟು, ಸರದಿಯ ಮೇಲೆ ನೂರು ಮಕ್ಕಳು ಬಳಸುವಂತೆ ಮಾಡುವುದು, ಐದಾರು ಗೇಮಿಂಗ್ ಲ್ಯಾಪ್‌ಟಾಪುಗಳನ್ನು ಕಪಾಟಿನಲ್ಲಿ ಬೀಗ ಹಾಕಿಡುವುದಕ್ಕಿಂತ ಸಾರ್ಥಕ.

ಅಧ್ಯಾಪಕರ ಅಗತ್ಯ ಬೇರೆ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವ, ಅಂಕಪಟ್ಟಿಯನ್ನು ಮನೆಯಲ್ಲಿ ಮುಗಿಸುವ, ಪಾಠದ ನಡುವೆ ವಿದ್ಯುತ್ತು ಹೋದರೂ ಟಿಪ್ಪಣಿ ಕೈತಪ್ಪಬಾರದ ಅಧ್ಯಾಪಕರಿಗೆ ಹಗುರವಾದ ಬಿಸಿನೆಸ್ ಯಂತ್ರವೇ ಸರಿ. ಪ್ರೊಜೆಕ್ಟರಿಗೆ ಜೋಡಿಸಲು ಎಚ್.ಡಿ.ಎಂ.ಐ. ಕಿಂಡಿ ಇದೆಯೇ ಎಂದು ನೋಡಿಕೊಳ್ಳಬೇಕು. ಹಳೆಯ ಪ್ರೊಜೆಕ್ಟರಾದರೆ ಪರಿವರ್ತಕವನ್ನೂ ಜೊತೆಗೇ ಕೊಳ್ಳಬೇಕು.

ದಾನದ ಹಣವನ್ನೆಲ್ಲ ಯಂತ್ರದ ಬೆಲೆಗೇ ಮುಗಿಸದೆ ಸ್ವಲ್ಪ ಭಾಗವನ್ನು ಮುಂದಿನ ವರ್ಷಗಳ ಬ್ಯಾಟರಿ, ಶುದ್ಧಿ, ದುರಸ್ತಿಗಳಿಗಾಗಿ ಎತ್ತಿಡುವುದು ವಿಹಿತ. ಉದ್ಘಾಟನೆಯ ದಿನ ಹೊಳೆಯುವ ಯಂತ್ರ ನಾಲ್ಕನೆಯ ವರ್ಷವೂ ಮಗುವಿನ ಕೈಯಲ್ಲಿ ಕೆಲಸ ಮಾಡುತ್ತಿದ್ದರೆ ಆಗ ದಾನ ಪೂರ್ಣವಾದಂತೆ.

ಕೊಳ್ಳುವ ಮುನ್ನ

ಇದುವರೆಗಿನ ವಿವೇಚನೆಯನ್ನು ಐದು ಪ್ರಶ್ನೆಗಳಲ್ಲಿ ಅಡಕಗೊಳಿಸಬಹುದು.

1. ವಾರದಲ್ಲಿ ಎಷ್ಟು ಗಂಟೆ ಈ ಯಂತ್ರವು ಗೋಡೆಯ ವಿದ್ಯುತ್ತಿನಿಂದ ದೂರವಿರುತ್ತದೆ?

2. ಬಳಸಬೇಕಾದ ತಂತ್ರಾಂಶಗಳ ಹೆಸರುಗಳೇನು? ಅವುಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಬೇಡುವವು ಯಾವುವು?

3. ಆ ಭಾರವಾದ ಕೆಲಸ ದಿನನಿತ್ಯದ್ದೋ, ವರ್ಷಕ್ಕೆ ಕೆಲವೇ ದಿನಗಳದ್ದೋ? ಕೆಲವೇ ದಿನಗಳದ್ದಾದರೆ ಕಾಲೇಜಿನ ಪ್ರಯೋಗಾಲಯ ಸಾಲದೇ?

4. ಪ್ರೊಸೆಸರಿಗೂ ಕಾರ್ಡಿಗೂ ಎಷ್ಟೆಷ್ಟು ವ್ಯಾಟಿನ ಮಿತಿ ಇದೆ? ರ‍್ಯಾಮನ್ನು ಮುಂದೆ ಹೆಚ್ಚಿಸಬಹುದೇ?

5. ಕೆಟ್ಟರೆ ಎಲ್ಲಿ, ಎಷ್ಟು ದಿನಗಳಲ್ಲಿ ಸರಿಯಾಗುತ್ತದೆ? ಖಾತರಿ ಎಷ್ಟು ವರ್ಷದ್ದು?

ಕೊಂಡ ಮೇಲೆ ಪಾಲಿಸಬೇಕಾದ ನಿಯಮವೂ ಒಂದುಂಟು. ಲಿಥಿಯಂ ಬ್ಯಾಟರಿಯು ಸದಾ ಪೂರ್ಣ ತುಂಬಿದ ಸ್ಥಿತಿಯಲ್ಲಿ, ಅದೂ ಶಾಖದಲ್ಲಿ ಇದ್ದರೆ ಬೇಗ ಮುಪ್ಪಾಗುತ್ತದೆ. ಇಡೀ ದಿನ ವಿದ್ಯುತ್ತಿಗೆ ಜೋಡಿಸಿಯೇ ಬಳಸುವವರು, ಯಂತ್ರದಲ್ಲಿ ಅವಕಾಶವಿದ್ದರೆ, ಶೇ. 80 ಕ್ಕೆ ತುಂಬುವುದನ್ನು ನಿಲ್ಲಿಸುವ ಏರ್ಪಾಡನ್ನು ಮಾಡಿಕೊಳ್ಳುವುದು ಒಳ್ಳೆಯದು. ಬ್ಯಾಟರಿ ಉಬ್ಬಿದುದು ಕಂಡರೆ ಕೂಡಲೇ ಬಳಕೆಯನ್ನು ನಿಲ್ಲಿಸಿ ತಂತ್ರಜ್ಞರಿಗೆ ಒಪ್ಪಿಸಬೇಕು.

ಉಪಸಂಹಾರ

ಗೇಮಿಂಗ್ ಲ್ಯಾಪ್‌ಟಾಪ್ ಕೆಟ್ಟದ್ದಲ್ಲ, ಬಿಸಿನೆಸ್ ಲ್ಯಾಪ್‌ಟಾಪ್ ದುರ್ಬಲವಲ್ಲ. ಒಂದು ಮೇಜಿನ ಮೇಲೆ ನಿಂತು ಭಾರವನ್ನೆಳೆಯುವುದು. ಇನ್ನೊಂದು ವಿದ್ಯಾರ್ಥಿಯ ಜೊತೆಗೆ ನಡೆಯುವುದು. ಪ್ರತಿದಿನ ಮೂರು ಆಯಾಮದ ರಚನೆಯಲ್ಲಿಯೋ ಕೃತಕ ಬುದ್ಧಿಮತ್ತೆಯ ತರಬೇತಿಯಲ್ಲಿಯೋ ತೊಡಗುವವರು, ಕುಳಿತು ಕೆಲಸ ಮಾಡಲು ಮೇಜು ಮತ್ತು ವಿದ್ಯುತ್ತು ನಿಶ್ಚಿತವಾಗಿರುವವರು ಮೊದಲನೆಯದನ್ನು ನಿಸ್ಸಂಕೋಚವಾಗಿ ಆರಿಸಲಿ. ಉಳಿದ ಬಹುಪಾಲು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ 16 ಜಿ.ಬಿ. ರ‍್ಯಾಮ್, ಸ್ಪಷ್ಟವಾದ ಪರದೆ, ದಿನ ಕಳೆಯುವ ಬ್ಯಾಟರಿ, ಹತ್ತಿರದಲ್ಲಿ ದುರಸ್ತಿ ಇರುವ ಹಗುರ ಯಂತ್ರವೇ ಹೆಚ್ಚು ಉಪಕಾರಿ. ಅಂಗಡಿಗೆ ಹೋಗುವ ಮುನ್ನ ಪಾಲಕರು ಮಗನ ಅಥವಾ ಮಗಳ ಜೊತೆ ಕುಳಿತು ಮೇಲಿನ ಐದು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಂಡರೆ, ಮಾರುವವನ ಅಂಕಿಗಳು ಅವರನ್ನು ದಾರಿ ತಪ್ಪಿಸಲಾರವು; ಕಷ್ಟಪಟ್ಟು ಕೂಡಿಟ್ಟ ಹಣವು ಕೋಣೆಯ ಮೂಲೆಯಲ್ಲಿ ಧೂಳು ಹಿಡಿಯದೆ ವಿದ್ಯೆಯಾಗಿ ಮನೆಗೆ ಮರಳುವುದು.